ಕಸದಿಂದ ರಸ ತೆಗೆಯುವ ಗಾಳಿ

ನವೆಂಬರ್ ಕಾಲಿಟ್ಟಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳದ್ದೇ ಸಾಲು. ಕೃಷ್ಣೆ ಮತ್ತು ಘಟಪ್ರಭೆಯ ನೀರುಂಡು ಬೆಳೆದ ಈ ಕಬ್ಬು ಕಾರ್ಖಾನೆಗೆ ಹೋದರೆ ಸಕ್ಕರೆ, ಗಾಣಕ್ಕೆ ಹೋದರೆ ಬೆಲ್ಲ. ಇಷ್ಟು ನಮ್ಮೆಲ್ಲರಿಗೂ ಗೊತ್ತು. ಆದರೆ 100 ಕಿಲೋ ಕಬ್ಬು ಅರೆದರೆ ಸಿಗುವ ಸಕ್ಕರೆ ಸುಮಾರು 10 ಕಿಲೋ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಬಹುಪಾಲು ನೀರು. ಅದರೊಡನೆ 28ರಿಂದ 30 ಕಿಲೋದಷ್ಟು ಹಸಿ ಸಿಪ್ಪೆ, 4 ಕಿಲೋದಷ್ಟು ಕಾಕಂಬಿ, 3ರಿಂದ 4 ಕಿಲೋ ಪ್ರೆಸ್‌ಮಡ್ ಎಂಬ ಕಪ್ಪು ಮಡ್ಡಿ. ಇದಲ್ಲದೆ ಹೊಲದಲ್ಲೇ ಉಳಿದು ಬೆಂಕಿಗೆ ಬೀಳುವ ರವದಿ ಬೇರೆ.

ಕಬ್ಬಿನ ಕಥೆ ಮಾತ್ರವಲ್ಲ. ತೇರದಾಳ, ರಬಕವಿ ಕಡೆಯ ಅರಿಶಿನದ ಹೊಲದಲ್ಲಿ ಎಲೆ ಉಳಿಯುತ್ತದೆ, ಅರಿಶಿನ ಪಾಲಿಶ್ ಮಾಡುವಾಗ ಪುಡಿ ಉದುರುತ್ತದೆ. ದಾಳಿಂಬೆ ತೋಟದಲ್ಲಿ ಬಿರುಕು ಬಿಟ್ಟ ಹಣ್ಣು, ಉಳ್ಳಾಗಡ್ಡಿಯ ರಾಶಿಯ ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ. ಇವನ್ನೆಲ್ಲ ನಾವು ಒಂದೇ ಮಾತಿನಲ್ಲಿ ಕಸ ಎನ್ನುತ್ತೇವೆ. ಆದರೆ ಇದೇ ಕಸದೊಳಗಿನ ಮೇಣ, ಎಣ್ಣೆ, ಬಣ್ಣ, ಸುವಾಸನೆಗಳು ಯಾರದೋ ಕೈಯಲ್ಲಿ ಹೊರಬಂದು ಕ್ರೀಮಿನ ಡಬ್ಬಿಯಾಗಿ, ಕ್ಯಾಪ್ಸೂಲಿನ ಶೀಸೆಯಾಗಿ ನಮ್ಮ ಮನೆಗೇ ಮರಳುತ್ತವೆ. ಕಿಲೋಗೆ ಪೈಸೆಗಳ ಲೆಕ್ಕದಲ್ಲಿ ಹೋದದ್ದು ಗ್ರಾಮಿಗೆ ರೂಪಾಯಿಗಳ ಲೆಕ್ಕದಲ್ಲಿ ಬರುತ್ತದೆ. ಇದನ್ನು ಹೊರತೆಗೆಯುವ ವಿಧಾನಗಳಲ್ಲಿ ಇಂದು ಹೆಚ್ಚು ಮಾತಿಗೆ ಬರುತ್ತಿರುವುದು ಸೂಪರ್‌ಕ್ರಿಟಿಕಲ್ ವಿಧಾನ. ಹೆಸರು ದೊಡ್ಡದು, ಒಳಗಿನ ವಿಷಯ ನಮ್ಮ ಅಡುಗೆಮನೆಗೆ ದೂರವಾದುದೇನಲ್ಲ.

ಅಡುಗೆಮನೆಯಿಂದ ಅತ್ತರಿನವರೆಗೆ

ಒಂದು ವಸ್ತುವಿನೊಳಗಿರುವ ಸತ್ವವನ್ನು ಇನ್ನೊಂದು ವಸ್ತುವಿನಲ್ಲಿ ಕರಗಿಸಿ ಹೊರತೆಗೆಯುವ ಕೆಲಸವನ್ನು ಪ್ರತಿಯೊಬ್ಬ ಗೃಹಿಣಿಯೂ ದಿನಾಲೂ ಮಾಡುತ್ತಾಳೆ. ಚಹಾಪುಡಿಯಿಂದ ಬಣ್ಣ, ರುಚಿಯನ್ನು ಎಳೆಯುವುದು ಕುದಿವ ನೀರು. ಒಣಮೆಣಸಿನಕಾಯಿಯ ಕೆಂಪನ್ನು ಎಳೆಯುವುದು ಕಾದ ಎಣ್ಣೆ. ಮೆಣಸಿನಕಾಯಿಯ ಕೆಂಪು ನೀರಿಗೆ ಇಳಿಯದು, ಎಣ್ಣೆಗೆ ಇಳಿಯುತ್ತದೆ. ಯಾವುದು ಯಾವುದರಲ್ಲಿ ಕರಗುತ್ತದೆ ಎಂಬುದೇ ಈ ವಿದ್ಯೆಯ ಮೂಲ.

ಹೂವಿನ ಪರಿಮಳವನ್ನು ಹಬೆಯ ಮೂಲಕ ಹಿಡಿಯುವ ಕಲೆಯನ್ನು ಬೆಳೆಸಿದವರಲ್ಲಿ ಅರಬ್ ವಿದ್ವಾಂಸರ ಹೆಸರು ಮುಖ್ಯ. 9ನೇ ಶತಮಾನದ ಅಲ್‌ಕಿಂದಿ ಸುಗಂಧ ದ್ರವ್ಯಗಳ ತಯಾರಿಕೆ ಮತ್ತು ಭಟ್ಟಿ ಇಳಿಸುವಿಕೆಯ ಬಗ್ಗೆಯೇ ಒಂದು ಗ್ರಂಥ ಬರೆದು, ಅದರಲ್ಲಿ 100ಕ್ಕೂ ಹೆಚ್ಚು ವಿಧಾನಗಳನ್ನು ಕೊಟ್ಟಿದ್ದಾರೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ ಪಾತ್ರೆಗಳಲ್ಲಿ ಗುಲಾಬಿ ಬೇಯಿಸಿ ಅತ್ತರು ತೆಗೆಯುವುದು ಈ ಪರಂಪರೆಯ ಬಂಧುವೇ.

ಹಬೆಗೆ ಒಂದು ಮಿತಿಯಿದೆ. ಅದರ ಕಾವಿಗೆ ಕೆಲವು ಸೂಕ್ಷ್ಮ ಪದಾರ್ಥಗಳು ಕೆಡುತ್ತವೆ. ಮೇಣದಂತಹ ಭಾರದ ಪದಾರ್ಥಗಳು ಹಬೆಯೊಂದಿಗೆ ಮೇಲೇಳುವುದೇ ಇಲ್ಲ. ಆದ್ದರಿಂದ ಕಾರ್ಖಾನೆಗಳು ಹೆಕ್ಸೇನ್, ಅಸಿಟೋನ್‌ನಂತಹ ದ್ರಾವಕಗಳನ್ನು ಬಳಸತೊಡಗಿದವು. ಹೆಕ್ಸೇನ್ ಪೆಟ್ರೋಲಿಯಮ್‌ನಿಂದ ಬರುವ, ಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವ. ಕೆಲಸ ಮುಗಿದ ಮೇಲೆ ಅದನ್ನು ಆವಿ ಮಾಡಿ ತೆಗೆಯುತ್ತಾರೆ, ಆದರೂ ತೀರಾ ಸಣ್ಣ ಪ್ರಮಾಣ ಉಳಿಯಬಹುದು. ಎಷ್ಟು ಉಳಿಯಬಹುದೆಂಬುದಕ್ಕೆ ಕಾನೂನು ಮಿತಿ ಹಾಕಿದೆ. ಏನೂ ಉಳಿಯದ ದ್ರಾವಕ ಸಿಗಬಹುದೇ ಎಂಬ ಹುಡುಕಾಟದಲ್ಲಿ ಸಿಕ್ಕಿದ್ದು, ನಾವು ಉಸಿರು ಬಿಡುವಾಗ ಹೊರಹಾಕುವ ಇಂಗಾಲದ ಡೈಆಕ್ಸೈಡ್!

ಗಾಳಿಯೂ ಅಲ್ಲ, ನೀರೂ ಅಲ್ಲ

ಈ ಗಾಳಿಯ ಪರಿಚಯ ನಮ್ಮ ಹಿರಿಯರಿಗೆ ಚೆನ್ನಾಗಿತ್ತು. ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಕಾಲದಲ್ಲಿ ಅದನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕಾಳುಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಬಿಟ್ಟ ಇಂಗಾಲದ ಡೈಆಕ್ಸೈಡ್, ಮಾಮೂಲು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿರುತ್ತಿತ್ತು. ಸೋಡಾ ಬಾಟಲಿಯಲ್ಲಿ ಬುರುಬುರು ಎನ್ನುವುದೂ ಇದೇ.

ಈಗ ಕುಕ್ಕರನ್ನು ನೆನೆಯಿರಿ. ಕುಕ್ಕರಿನೊಳಗೆ ಒತ್ತಡ ಹೊರಗಿನದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು, ಅಷ್ಟಕ್ಕೇ ನೀರಿನ ಸ್ವಭಾವ ಬದಲಾಗಿ ಅದು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಒಂದು ದಪ್ಪ ಉಕ್ಕಿನ ಪಾತ್ರೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ, ಉಷ್ಣತೆಯನ್ನು 31 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಒತ್ತಡವನ್ನು ವಾತಾವರಣದ 73 ಪಟ್ಟು ದಾಟಿಸಿದರೆ ವಿಚಿತ್ರವೊಂದು ನಡೆಯುತ್ತದೆ. ಅದು ಅನಿಲವೂ ಅಲ್ಲ, ದ್ರವವೂ ಅಲ್ಲ ಎಂಬ ಸ್ಥಿತಿಗೆ ಬರುತ್ತದೆ. ಗಾಳಿಯಂತೆ ಸಣ್ಣ ಸಣ್ಣ ರಂಧ್ರಗಳಲ್ಲಿ ನುಗ್ಗುತ್ತದೆ, ದ್ರವದಂತೆ ಪದಾರ್ಥಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಸೂಪರ್‌ಕ್ರಿಟಿಕಲ್ ಸ್ಥಿತಿ. 31 ಡಿಗ್ರಿ ಎಂದರೆ ನಮ್ಮ ಬೇಸಿಗೆಯ ನೆರಳಿಗಿಂತಲೂ ತಂಪು! ಸತ್ವವನ್ನು ಬೇಯಿಸಿ ಕೆಡಿಸುವ ಭಯ ಇಲ್ಲಿ ಕಡಿಮೆ.

ಇಂತಹ ಸ್ಥಿತಿಯೊಂದಿದೆ ಎಂದು 1822ರಲ್ಲಿ ತೋರಿಸಿದವರು ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್. 1869ರಲ್ಲಿ ಐರ್ಲೆಂಡಿನ ಥಾಮಸ್ ಆಂಡ್ರೂಸ್ ಇಂಗಾಲದ ಡೈಆಕ್ಸೈಡ್ ಮೇಲೆ ಪ್ರಯೋಗ ಮಾಡಿ ಅದರ ಗಡಿಯನ್ನು ಅಳೆದರು. 1879ರಲ್ಲಿ ಹನ್ನೆ ಮತ್ತು ಹೊಗಾರ್ತ್ ಎಂಬಿಬ್ಬರು ಈ ಸ್ಥಿತಿಯಲ್ಲಿರುವ ಅನಿಲಕ್ಕೆ ಘನ ವಸ್ತುವನ್ನು ಕರಗಿಸುವ ಶಕ್ತಿಯಿದೆಯೆಂದು ಕಂಡರು. ಆದರೆ ದೊಡ್ಡ ಪ್ರಮಾಣದಲ್ಲಿ ಇದು ಉಪಯೋಗಕ್ಕೆ ಬಂದದ್ದು 1970ರ ದಶಕದಲ್ಲಿ, ಜರ್ಮನಿಯಲ್ಲಿ, ಕಾಫಿ ಬೀಜದಿಂದ ಕೆಫೀನ್ ತೆಗೆಯಲು. ಯೆಮನ್ನಿನಿಂದ ಬಾಬಾಬುಡನ್ ತಂದರೆಂದು ನಾಡು ನಂಬುವ ಕಾಫಿಗೂ ಈ ಗಾಳಿಗೂ ಹೀಗೊಂದು ಸಂಬಂಧ. ಕಾಫಿಯ ರುಚಿ ಬೀಜದಲ್ಲೇ ಉಳಿಯಿತು. ತೆಗೆದ ಕೆಫೀನ್ ಕೂಡ ವ್ಯರ್ಥವಾಗದೆ ತಂಪು ಪಾನೀಯ, ಔಷಧಿಗಳ ತಯಾರಕರಿಗೆ ಮಾರಾಟವಾಯಿತು.

ಯಂತ್ರದ ಕೆಲಸ ಸರಳ. ಚೆನ್ನಾಗಿ ಒಣಗಿಸಿ ಪುಡಿ ಮಾಡಿದ ಪದಾರ್ಥವನ್ನು ಪಾತ್ರೆಗೆ ತುಂಬುತ್ತಾರೆ. ವಾತಾವರಣದ 100ರಿಂದ 350 ಪಟ್ಟು ಒತ್ತಡದಲ್ಲಿ ಅನಿಲ ಅದರೊಳಗೆ ಹಾಯುತ್ತದೆ. ಎಣ್ಣೆ, ಮೇಣ, ಪರಿಮಳ ಅದರಲ್ಲಿ ಕರಗುತ್ತವೆ. ಮುಂದಿನ ಪಾತ್ರೆಯಲ್ಲಿ ಒತ್ತಡ ಇಳಿಸಿದೊಡನೆ ಅನಿಲದ ಹಿಡಿತ ಸಡಿಲವಾಗಿ, ಹೊತ್ತು ತಂದ ಸತ್ವ ತಳಕ್ಕೆ ಬೀಳುತ್ತದೆ. ಅನಿಲ ಮತ್ತೆ ಮೊದಲ ಪಾತ್ರೆಗೆ ಮರಳುತ್ತದೆ. ಸತ್ವದಲ್ಲಿ ದ್ರಾವಕದ ಉಳಿಕೆ ಇಲ್ಲ. ಮಿಕ್ಕ ಹಿಂಡಿಗೂ ಹೆಕ್ಸೇನಿನ ವಾಸನೆ ಹತ್ತುವುದಿಲ್ಲ.

ನಮ್ಮಲ್ಲಿ ಏನೇನಿದೆ?

ಮೊದಲು ಪ್ರೆಸ್‌ಮಡ್. ಕಬ್ಬಿನ ಜಲ್ಲೆಯ ಮೇಲೆ ಬೂದಿ ಬಳಿದಂತೆ ಬೆಳ್ಳಗೆ ಕಾಣುವುದೇ ಕಬ್ಬಿನ ಮೇಣ. ರಸ ಶುದ್ಧ ಮಾಡುವಾಗ ಅದು ಮಡ್ಡಿಯಲ್ಲಿ ಸೇರುತ್ತದೆ. ಒಣಗಿದ ಮಡ್ಡಿಯಲ್ಲಿ ಮೇಣ ಮತ್ತು ಕೊಬ್ಬಿನ ಅಂಶ ಶೇ. 5ರಿಂದ 14ರವರೆಗೆ ಇರಬಹುದು. ಶುದ್ಧ ಮಾಡಿದ ಮೇಣ ಬೂಟ್ ಪಾಲಿಶ್, ಸೌಂದರ್ಯ ಸಾಧನ, ಹಣ್ಣಿನ ಮೇಲಿನ ಹೊದಿಕೆಗೆ ಒದಗುತ್ತದೆ. ಈಗ ಈ ಜಾಗದಲ್ಲಿ ಬ್ರೆಜಿಲಿನ ಕಾರ್ನೌಬಾ ತಾಳೆ ಎಲೆಯ ಮೇಣ ಹೆಸರುವಾಸಿ. ಮೇಣ ತೆಗೆದರೆ ರೈತನ ಗೊಬ್ಬರ ಹೋಯಿತೇ ಎಂದು ಹೆದರಬೇಕಿಲ್ಲ. ರಂಜಕ, ಸುಣ್ಣದಂತಹ ಪೋಷಕಗಳು ಈ ಅನಿಲದಲ್ಲಿ ಕರಗುವುದಿಲ್ಲ, ಮಡ್ಡಿಯಲ್ಲೇ ಉಳಿಯುತ್ತವೆ.

ಎರಡನೆಯದು ಅರಿಶಿನ. ನಮ್ಮ ರೈತರು ಸಾಂಗ್ಲಿ ಮಾರುಕಟ್ಟೆಗೆ ಒಯ್ಯುವ ಒಣ ಅರಿಶಿನದಲ್ಲಿ ಸುವಾಸನೆಯ ಎಣ್ಣೆ ಶೇ. 3ರಿಂದ 6, ಹಳದಿ ಬಣ್ಣದ ಕುರ್ಕುಮಿನ್ ಶೇ. 2ರಿಂದ 6ರಷ್ಟಿರುತ್ತದೆ. ಪಾಲಿಶ್ ಮಾಡುವಾಗ ಉದುರುವ ಪುಡಿಯಲ್ಲೂ ಇವುಗಳ ಅಂಶ ಇರುತ್ತದೆ. ಅರಿಶಿನ ಎಲೆಯಲ್ಲಿ ಬೇರೆಯೇ ಪರಿಮಳದ ಎಣ್ಣೆಯಿದೆ. ಕರಾವಳಿಯವರು ಇದೇ ಎಲೆಯಲ್ಲಿ ಕಡುಬು ಬೇಯಿಸುವುದು ಆ ಪರಿಮಳಕ್ಕಾಗಿಯೇ.

ಮೂರನೆಯದು ದಾಳಿಂಬೆ. ಬಾಗಲಕೋಟೆ ಜಿಲ್ಲೆಯ ದಾಳಿಂಬೆ ತೋಟಗಳು ದುಂಡಾಣು ಅಂಗಮಾರಿ ರೋಗದಿಂದ ಪಟ್ಟ ಪಾಡು ಈ ಭಾಗದ ಮನೆಮನೆಗೂ ಗೊತ್ತು. ಚುಕ್ಕೆ ಬಿದ್ದ, ಸೀಳಿದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದರೆ ಒಣಗಿಸಿದ ಬೀಜದಲ್ಲಿ ಶೇ. 12ರಿಂದ 20ರಷ್ಟು ಎಣ್ಣೆಯಿದೆ. ಅದರ ಬಹುಪಾಲು ಪ್ಯೂನಿಸಿಕ್ ಆಮ್ಲವೆಂಬ ಅಪರೂಪದ ಕೊಬ್ಬಿನಾಮ್ಲ. ಚರ್ಮದ ಆರೈಕೆಯ ದುಬಾರಿ ಕ್ರೀಮುಗಳಲ್ಲಿ ಈ ಎಣ್ಣೆ ಇರುತ್ತದೆ. ದ್ರಾಕ್ಷಿ ಬೀಜದ ಎಣ್ಣೆಯ ಬಗ್ಗೆಯೂ ಕೇಳಿರುತ್ತೀರಿ. ಆದರೆ ನಮ್ಮ ಕಡೆ ಒಣದ್ರಾಕ್ಷಿಗೆ ಬೆಳೆಯುವುದು ಹೆಚ್ಚಾಗಿ ಬೀಜವಿಲ್ಲದ ತಳಿ. ಅಲ್ಲಿ ಈ ಲೆಕ್ಕ ನಡೆಯದು.

ಎಲ್ಲಕ್ಕೂ ಒದಗುವ ಗಾಳಿಯಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಅನಿಲ ಎಣ್ಣೆಯ ಸ್ವಭಾವದ್ದು. ಎಣ್ಣೆಯಲ್ಲಿ ಕರಗುವುದನ್ನು ಎಳೆಯುತ್ತದೆ, ನೀರಿನಲ್ಲಿ ಕರಗುವುದನ್ನು ಬಿಡುತ್ತದೆ. ಅರಿಶಿನದ ಪರಿಮಳದ ಎಣ್ಣೆ ಸುಲಭವಾಗಿ ಬರುತ್ತದೆ, ಆದರೆ ಹಳದಿ ಕುರ್ಕುಮಿನ್ ಅಷ್ಟು ಸುಲಭಕ್ಕೆ ಬಾರದು. ಅದಕ್ಕೆ ಎಥನಾಲ್‌ನಂತಹ ಇನ್ನೊಂದು ದ್ರಾವಕವನ್ನು ಸ್ವಲ್ಪ ಸೇರಿಸಬೇಕಾಗುತ್ತದೆ. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೂ ಇದೇ ಮಾತು. ದಾಳಿಂಬೆ ಸಿಪ್ಪೆಯ ಒಗರಿಗಂತೂ ಬರೀ ನೀರು ಸಾಕು. ಹಿಂದಿನವರು ಆ ಸಿಪ್ಪೆ ಕುದಿಸಿಯೇ ನೂಲಿಗೆ ಬಣ್ಣ ಕಟ್ಟುತ್ತಿದ್ದರು, ಕೋಟಿ ರೂಪಾಯಿಯ ಯಂತ್ರಕ್ಕಾಗಿ ಕಾಯಲಿಲ್ಲ.

ಹೌದು, ಯಂತ್ರದ ಬೆಲೆ ಕೋಟಿಗಳ ಲೆಕ್ಕದಲ್ಲಿದೆ. ಆ ಒತ್ತಡ ತಾಳುವ ಪಾತ್ರೆ, ಪಂಪು, ಕವಾಟ ಎಲ್ಲವೂ ವಿಶೇಷವಾದವು. ಅನಿಲ ಸೋರಿ ಕೋಣೆಯ ತಳದಲ್ಲಿ ನಿಂತರೆ ಹಗೇವಿನ ಅಪಾಯವೇ ಇಲ್ಲೂ. ಇದು ಮನೆಯ ಹಿತ್ತಲಿನ ಗೃಹೋದ್ಯೋಗವಲ್ಲ. ಯಾರಾದರೂ ಸಣ್ಣ ಯಂತ್ರ ಕೊಡಿಸುತ್ತೇವೆ, ಮುಂಗಡ ಕಟ್ಟಿ ಎಂದರೆ ಸಂಘದ ಉಳಿತಾಯವನ್ನು ಕೊಡುವ ಮೊದಲು ಹತ್ತು ಬಾರಿ ಯೋಚಿಸಿ. ಅಷ್ಟು ಖರ್ಚು ಹುಟ್ಟಬೇಕಾದರೆ ತೆಗೆಯುವ ಸತ್ವಕ್ಕೆ ಒಳ್ಳೆಯ ಬೆಲೆ ಬೇಕು, ಯಂತ್ರಕ್ಕೆ ವರ್ಷವಿಡೀ ಕೆಲಸವೂ ಬೇಕು. ಅದಕ್ಕೇ ಇದು ಹೆಚ್ಚಾಗಿ ಸಂಬಾರ ಪದಾರ್ಥ, ಪರಿಮಳ, ಔಷಧಿಯ ಉದ್ಯಮಗಳಲ್ಲಿ ನೆಲೆ ನಿಂತಿದೆ. ಕೇರಳದ ಕೋಲಂಚೇರಿಯಲ್ಲಿ 1972ರಲ್ಲಿ ಆರಂಭವಾದ ಸಿಂಥೈಟ್ ಸಂಸ್ಥೆ ಸಂಬಾರ ಸತ್ವಗಳಿಗೆ ಈ ವಿಧಾನವನ್ನೂ ಬಳಸುತ್ತದೆ. ಅಗ್ಗದ ಮೇಣ ಒಂದನ್ನೇ ನಂಬಿ ಇಂತಹ ಘಟಕ ಹಾಕಿದರೆ ಲಾಭ ಕಾಣುವುದು ಕಷ್ಟ.

ಹಾಗಾದರೆ ನಮಗೆ ಇದರಲ್ಲಿ ಏನಿದೆ? ಒಂದು ಸಂಗತಿ ಗಮನಿಸಿ. ಕಾಕಂಬಿಯನ್ನು ಹುದುಗಿಸಿ ಎಥನಾಲ್ ಮಾಡುವಾಗ ಪ್ರತಿ ಕಿಲೋ ಎಥನಾಲಿಗೆ ಒಂದು ಕಿಲೋದ ಹತ್ತಿರ ಹತ್ತಿರ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ. 20ಕ್ಕೆ ಮುಟ್ಟಿದ ಮೇಲೆ ಈ ಉತ್ಪಾದನೆ ಎಷ್ಟು ದೊಡ್ಡದಾಗಿದೆಯೆಂದು ಊಹಿಸಬಹುದು. ಮಹಾಲಿಂಗಪುರದ ಹತ್ತಿರದ ಸಮೀರವಾಡಿಯಂತಹ ಕಡೆ ಒಂದೇ ಆವರಣದಲ್ಲಿ ಸಕ್ಕರೆ, ಸಿಪ್ಪೆಯಿಂದ ವಿದ್ಯುತ್, ಎಥನಾಲ್ ಮೂರೂ ತಯಾರಾಗುತ್ತವೆ. ಅಂದರೆ ಕಚ್ಚಾ ಪದಾರ್ಥ, ಅದನ್ನು ಒಣಗಿಸುವ ಕಾವು, ಪಂಪು ನಡೆಸುವ ವಿದ್ಯುತ್, ಕೊನೆಗೆ ದ್ರಾವಕದ ಗಾಳಿ ಎಲ್ಲವೂ ಒಂದೇ ಅಂಗಳದಲ್ಲಿವೆ! ಪಕ್ಕದ ಹೊಲಗಳಲ್ಲಿ ಅರಿಶಿನವಿದೆ, ದಾಳಿಂಬೆಯಿದೆ. ಇಂತಹ ಕೂಡುವಿಕೆ ಎಲ್ಲ ಊರಿಗೂ ಸಿಗುವುದಿಲ್ಲ.

ಬೆಲೆ ಹುಟ್ಟುವುದು ಒಣಗಿಸುವ ಕಣದಲ್ಲಿ

ಯಂತ್ರ ಯಾರದೇ ಇರಲಿ, ಅದು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಪದಾರ್ಥದಲ್ಲಿ ಇದ್ದದ್ದನ್ನಷ್ಟೇ ತೆಗೆಯುತ್ತದೆ. ಒಳ್ಳೆಯದಿದ್ದರೆ ಒಳ್ಳೆಯದು, ಕೆಟ್ಟದ್ದಿದ್ದರೆ ಕೆಟ್ಟದ್ದು. ಕೊಬ್ಬಿನಲ್ಲಿ ಕರಗುವ ಕೀಟನಾಶಕಗಳು ಹೊಲದಿಂದ ಬಂದರೆ ಈ ಅನಿಲ ಅವನ್ನೂ ಎಳೆದು ತರಬಹುದು. ನೂರು ಕಿಲೋದಲ್ಲಿ ಹರಡಿದ್ದ ವಿಷ ನಾಲ್ಕು ಕಿಲೋ ಎಣ್ಣೆಯಲ್ಲಿ ಸೇರಿದರೆ ಅದರ ತೀವ್ರತೆ ಎಷ್ಟಾಗಬೇಡ! ಆದ್ದರಿಂದ ಕೊಳ್ಳುವವರು ಮೊದಲು ನೋಡುವುದು ಔಷಧಿ ಹೊಡೆದ ಲೆಕ್ಕವನ್ನು, ಎರಡನೆಯದು ತೇವವನ್ನು, ಮೂರನೆಯದು ಬೂಸ್ಟನ್ನು.

ಈ ಮೂರರಲ್ಲಿ ಎರಡು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿವೆ. ಬೇಯಿಸಿದ ಅರಿಶಿನವನ್ನು ಹತ್ತು ಹದಿನೈದು ದಿನ ಬಿಸಿಲಿಗೆ ಹರಡುವವರು, ತಿರುವಿ ಹಾಕುವವರು, ಗಡ್ಡೆ ಬೇರೆ ಬೆರಳು ಬೇರೆ ಆರಿಸುವವರು ಹೆಚ್ಚಾಗಿ ಹೆಂಗಸರೇ. ಕೂಲಿ ಸಿಗುವುದು ಕೈ ಎಷ್ಟು ಬೇಗ ಓಡುತ್ತದೆ ಎಂಬುದಕ್ಕೆ. ಎಷ್ಟು ಶುಚಿಯಾಗಿ ಓಡುತ್ತದೆ ಎಂಬುದಕ್ಕೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಬರಿ ನೆಲದ ಮೇಲೆ ಹರಡಿದ ಎಲೆಗೂ ತಾಡಪತ್ರಿಯ ಮೇಲೆ ನೆರಳಲ್ಲಿ ಒಣಗಿಸಿದ ಎಲೆಗೂ ಪೇಟೆಯಲ್ಲಿ ಒಂದೇ ಬೆಲೆಯಾದರೆ ಯಾರು ತಾನೇ ಶ್ರಮಪಟ್ಟಾರು? ಸತ್ವ ತೆಗೆಯುವ ಉದ್ಯಮ ಈ ಭಾಗಕ್ಕೆ ಬರುವುದಾದರೆ ಅದರ ಜೊತೆಗೆ ಬರಬೇಕಾದದ್ದು ಈ ನ್ಯಾಯ. ಶುಚಿತ್ವಕ್ಕೆ ಬೆಲೆ, ಒಣಗಿಸಿದ ಕೈಗೆ ಪಾಲು. ರೈತ ಉತ್ಪಾದಕ ಕಂಪನಿಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ನಮ್ಮ ಸಹೋದರಿಯರು ಹೆಸರಿಗಷ್ಟೇ ಸದಸ್ಯರಾಗಿರದೆ ಈ ಪ್ರಶ್ನೆಯನ್ನು ಕೇಳಬೇಕು. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಬೀಳಗಿ ತಾಲೂಕಿನ ಕುಟುಂಬಗಳಿಗೆ, ಉಳಿದ ಭೂಮಿಯ ಒಂದು ಎಲೆಯೂ ವ್ಯರ್ಥವಾಗಬಾರದೆಂಬುದು ಬರಿಯ ಉಪದೇಶವಲ್ಲ, ಬದುಕಿನ ಲೆಕ್ಕ.

ಡಬ್ಬಿಯ ಮೇಲಿನ ಮಾತು

ಇನ್ನು ಕೊಳ್ಳುವವರಾಗಿ ನಾವು ತಿಳಿಯಬೇಕಾದದ್ದೂ ಇದೆ. 'ನೈಸರ್ಗಿಕ ಸತ್ವ' ಎಂದ ಮಾತ್ರಕ್ಕೆ ಅದು ಔಷಧಿಯಾಗುವುದಿಲ್ಲ. ಕಬ್ಬಿನ ಮೇಣದಿಂದ ತೆಗೆಯುವ ಪಾಲಿಕೊಸನಾಲ್ ಕೊಲೆಸ್ಟರಾಲ್ ಇಳಿಸುತ್ತದೆಂದು ಕ್ಯೂಬಾದಿಂದ 1990ರ ದಶಕದಲ್ಲಿ ವರದಿಗಳ ಮೇಲೆ ವರದಿಗಳು ಬಂದವು, ಜಗತ್ತಿನ ಅನೇಕ ಕಡೆ ಮಾರಾಟವೂ ಆಯಿತು. 2006ರಲ್ಲಿ ಜರ್ಮನಿಯ ವೈದ್ಯರು 143 ರೋಗಿಗಳ ಮೇಲೆ 12 ವಾರ ಪರೀಕ್ಷಿಸಿದಾಗ, ಅದಕ್ಕೂ ಬರಿಯ ಹುಸಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಅರಿಶಿನದ ವಿಷಯವೂ ಹಾಗೆಯೇ. ಸಾರಿಗೆ ಹಾಕುವ ಚಿಟಿಕೆ ಬೇರೆ, ದಿನಾಲೂ ನುಂಗುವ ಕುರ್ಕುಮಿನ್ ಗುಳಿಗೆ ಬೇರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಹರಳಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಹಲಾಲ್ ಬಗ್ಗೆ ಕೇಳುವವರಿಗೆ ಒಂದು ಮಾತು. ಬರಿಯ ಇಂಗಾಲದ ಡೈಆಕ್ಸೈಡ್‌ನಿಂದ ತೆಗೆದ ಸತ್ವದಲ್ಲಿ ಮದ್ಯಸಾರದ ಪ್ರಶ್ನೆಯೇ ಏಳುವುದಿಲ್ಲ. ಎಥನಾಲ್ ಸೇರಿಸಿ ತೆಗೆದದ್ದಾದರೆ ಅದರ ವಿಧಿಯನ್ನು ಉಲಮಾಗಳಲ್ಲಿ ಕೇಳಿ ತಿಳಿಯಬೇಕು. ಆದರೆ ಒಳಗಿನ ಸತ್ವ ಗಿಡದ್ದೇ ಆದರೂ ಹೊರಗಿನ ಮೆದು ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಡಬ್ಬಿ ತಿರುಗಿಸಿ ಓದುವ ಅಭ್ಯಾಸ ಒಳ್ಳೆಯದು.

ನಮ್ಮ ಮಕ್ಕಳು ಓದುವುದು ಎಲ್ಲಿ?

ಈ ವಿಷಯ ಓದಲು ಜರ್ಮನಿಗೇ ಹೋಗಬೇಕಿಲ್ಲ. 1950ರಿಂದ ಮೈಸೂರಿನಲ್ಲಿರುವ ಸಿಎಫ್‌ಟಿಆರ್‌ಐ ಆಹಾರ ಪದಾರ್ಥಗಳ ಸತ್ವ ತೆಗೆಯುವ ವಿಧಾನಗಳ ಬಗ್ಗೆ ದಶಕಗಳಿಂದ ಸಂಶೋಧನೆ ನಡೆಸುತ್ತಿದೆ. 2008ರಲ್ಲಿ ಬಾಗಲಕೋಟೆಯಲ್ಲೇ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾಗಿದೆ. ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್‌ನಿಂದ ನೈಸರ್ಗಿಕ ಸತ್ವಗಳನ್ನು ತೆಗೆಯುವ ಬಗ್ಗೆ 2000ದಲ್ಲಿ ಒಂದು ಪೂರ್ಣ ಗ್ರಂಥ ಬರೆದವರು ಮುಂಬೈ ಐಐಟಿಯ ಪ್ರಾಧ್ಯಾಪಕಿ ಮಮತಾ ಮುಖೋಪಾಧ್ಯಾಯ. ಅವರು ಹೆಣ್ಣುಮಗಳು ಎಂಬುದನ್ನು ನಮ್ಮ ಮನೆಗಳಲ್ಲಿ ಒತ್ತಿ ಹೇಳಬೇಕಾಗಿದೆ. ಪಿಯುಸಿಯಲ್ಲಿ ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಯನ್ನು 'ಮುಂದೇನು ಓದಿ ಮಾಡೋದಿದೆ' ಎಂದು ಮನೆಯಲ್ಲಿ ಕೂರಿಸುವ ಮೊದಲು ತಂದೆತಾಯಿ ಸ್ವಲ್ಪ ತಡೆಯಲಿ. ಅರಿಶಿನ ಒಣಗಿಸುವ ತಾಯಿಯ ಅನುಭವ, ಪ್ರಯೋಗಾಲಯದಲ್ಲಿ ಅದನ್ನು ಅಳೆಯುವ ಮಗಳ ಓದು ಒಂದೇ ಮನೆಯಲ್ಲಿ ಸೇರಿದರೆ ಹೊರಗಿನವರು ಹೇಳಿದ ಬೆಲೆಗೆ ತಲೆಯಾಡಿಸುವ ಗತಿ ಬರುವುದಿಲ್ಲ.

ಈ ಹಂಗಾಮಿನಲ್ಲೇ ಮಾಡಬಹುದಾದದ್ದೂ ಇದೆ. ಅರಿಶಿನ ಎಲೆಯನ್ನು, ದಾಳಿಂಬೆ ಬೀಜ-ಸಿಪ್ಪೆಯನ್ನು ಬೇರೆ ಬೇರೆಯಾಗಿ, ಮಣ್ಣು ತಾಗದಂತೆ ಸ್ವಲ್ಪ ಒಣಗಿಸಿಡಿ. ಹೊಲಕ್ಕೆ ಯಾವ ಔಷಧಿ ಯಾವ ದಿನ ಹೊಡೆದದ್ದೆಂದು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಸಂಘದ ನಾಲ್ಕು ಜನ ಸೇರಿ ಆ ಮಾದರಿಯನ್ನು ತೋಟಗಾರಿಕಾ ವಿಶ್ವವಿದ್ಯಾಲಯದವರಿಗೆ ತೋರಿಸಿ, ಇದರಲ್ಲಿ ಏನಿದೆ, ಎಷ್ಟಿದೆ, ಕೊಳ್ಳುವವರು ಯಾರು ಎಂದು ಕೇಳಿ. ಯಂತ್ರ ಬರುವುದು ತಡವಾಗಬಹುದು. ನಮ್ಮ ಕಸದ ಬೆಲೆ ನಮಗೆ ಮೊದಲು ಗೊತ್ತಿರಲಿ.